ಮೂರನೆಯ ದಾರಿಯ ಮೌನ: ವೀರಗಲ್ಲು, ವಲಸೆ ಮತ್ತು ಯುದ್ಧಕಾಲದ ಊರು

೧

ಹಾಸನದ ಸಮೀಪದ ಕೊರವಂಗಲದಲ್ಲಿರುವ ಬೂಚೇಶ್ವರ ದೇವಾಲಯವು ಕ್ರಿ.ಶ. ೧೧೭೩ರ ನಿರ್ಮಿತಿ. ಹೊಯ್ಸಳ ಇಮ್ಮಡಿ ಬಲ್ಲಾಳನಿಗೆ ದೋರಸಮುದ್ರದಲ್ಲಿ ಪಟ್ಟವಾದ ವರ್ಷವೂ ಅದೇ. ಆ ಪಟ್ಟಾಭಿಷೇಕದ ಸಂದರ್ಭದಲ್ಲಿ ಬೂಚಿರಾಜನು ಈ ಗುಡಿಯನ್ನು ಕಟ್ಟಿಸಿದನು. ಶಿವ ಮತ್ತು ಸೂರ್ಯರ ಗರ್ಭಗೃಹಗಳು ಎದುರುಬದುರಾಗಿ ನಿಂತಿರುವ ಈ ಕಟ್ಟಡವನ್ನು ನೋಡುವವರಿಗೆ ನೆಮ್ಮದಿಯ ಕಾಲವೊಂದರ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ೧೧೭೩ ಶಾಂತಿಯ ನಡುವೆ ಬಂದ ವರ್ಷವಲ್ಲ. ಬಲ್ಲಾಳನು ತಂದೆ ಒಂದನೆಯ ನರಸಿಂಹನ ವಿರುದ್ಧ ಬಂಡೆದ್ದು, ಮಲೆನಾಡಿನ ಸಾಮಂತರ ಬೆಂಬಲ ಗಳಿಸಿಕೊಂಡು ಅಧಿಕಾರಕ್ಕೆ ಬಂದವನು. ಅನಂತರ ಉಚ್ಚಂಗಿಯ ಮುತ್ತಿಗೆ ನಡೆಯಿತು. ೧೧೯೦ರ ಸುಮಾರಿಗೆ ಸೊರಟೂರಿನಲ್ಲಿ ಸೇವುಣ ಭಿಲ್ಲಮನೊಡನೆ ಕಾಳಗವಾಯಿತು. ೧೩೧೧ರಲ್ಲಿ ಮಲಿಕ್ ಕಾಫರನ ಸೈನ್ಯವು ದೋರಸಮುದ್ರದ ಬಾಗಿಲಿಗೇ ಬಂದು ನಿಂತಿತು.

ಈ ದಂಡಯಾತ್ರೆಗಳ ಹಾದಿಯಲ್ಲಿದ್ದ ಊರುಗಳು ಏನು ಮಾಡಿದವು? ದಂಡು ಬರುತ್ತಿದೆಯೆಂಬ ಸುದ್ದಿ ತಲುಪಿದಾಗ ಒಂದು ಒಕ್ಕಲು ಮನೆಯ ಮುಂದೆ ಯಾವ ದಾರಿಗಳು ತೆರೆದಿದ್ದವು? ತುರುಗಳನ್ನು ಬಿಟ್ಟುಕೊಡುವುದೋ ತಡೆದು ನಿಲ್ಲುವುದೋ, ಕಾಳನ್ನು ಹೂಳುವುದೋ ಹೊತ್ತು ಹೊರಡುವುದೋ, ಮುದುಕರನ್ನು ಬಿಟ್ಟು ಹೋಗುವುದೋ ಅವರೊಡನೆ ಉಳಿಯುವುದೋ ಎಂಬ ನಿರ್ಧಾರಗಳನ್ನು ಯಾರಾದರೂ ಮಾಡಲೇಬೇಕಾಗಿತ್ತು. ಇದು ಇತಿಹಾಸದ ಪ್ರಶ್ನೆ ಮಾತ್ರವಲ್ಲ. ಯಾವ ಆಯ್ಕೆಗೆ ಭಾಷೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದು ಸಾಹಿತ್ಯವಿಮರ್ಶೆಯ ಪ್ರಶ್ನೆಯೂ ಹೌದು. ಕನ್ನಡದ ಶಾಸನ ಪರಂಪರೆಯನ್ನು ಈ ದೃಷ್ಟಿಯಿಂದ ಓದಿದಾಗ ಹೊಳೆಯುವ ಸಂಗತಿಗಳು, ಇಂದಿಗೂ ಯುದ್ಧದ ನಡುವೆ ಬದುಕುತ್ತಿರುವ ಪ್ಯಾಲೆಸ್ಟೀನಿನಂಥ ಸಮುದಾಯಗಳ ಇಕ್ಕಟ್ಟನ್ನು ಅರಿಯಲು ನೆರವಾಗುತ್ತವೆ. ಆ ಇಕ್ಕಟ್ಟಿನ ತಿಳಿವಳಿಕೆಯು ತಿರುಗಿ ಈ ನೆಲದ ಕಲ್ಲುಗಳನ್ನು ಬೇರೆ ಬಗೆಯಲ್ಲಿ ಓದಿಸುತ್ತದೆ.

೨

ಚರ್ಚೆಯನ್ನು ಹಾಸನ ಜಿಲ್ಲೆಯ ಇನ್ನೊಂದು ಊರಾದ ಹಲ್ಮಿಡಿಯಿಂದ ಆರಂಭಿಸುವುದು ಉಚಿತ. ಎಂ.ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. ೪೫೦ರದೆಂದು ಬಹುಕಾಲದಿಂದ ಎಣಿಸಲಾಗಿರುವ ಹಲ್ಮಿಡಿ ಶಾಸನವು ಕನ್ನಡ ಗದ್ಯದ ಅತಿ ಪ್ರಾಚೀನ ಉದಾಹರಣೆಗಳಲ್ಲೊಂದು. ಅದರ ಭಾಷೆ, ಅದರ ಸಂಸ್ಕೃತಭೂಯಿಷ್ಠ ಶೈಲಿ, ಅದರ ಕಾಲ ಇವುಗಳ ಬಗ್ಗೆ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ಅದರ ವಸ್ತುವಿನ ಬಗ್ಗೆ ನಡೆದಿರುವ ಚಿಂತನೆ ಅಷ್ಟಿಲ್ಲ. ಕೇಕಯ ಪಲ್ಲವರೊಡನೆ ಕಾದಿ ಜಯ ಪಡೆದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳುವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಚ್ಚು’ ಆಗಿ ಕೊಟ್ಟರೆಂಬುದು ಅದರ ಸಾರ. ಬಾಳ್ಗಚ್ಚು ಎಂದರೆ ಕತ್ತಿಯನ್ನು ತೊಳೆಯುವುದು. ರಕ್ತಸಿಕ್ತವಾದ ಕತ್ತಿಯನ್ನು ತೊಳೆದು ವೀರನಿಗೆ ಸಲ್ಲಿಸುವ ಮನ್ನಣೆ. ಈ ದಾನಕ್ಕೆ ಎರಡು ನಾಡುಗಳ ವೀರಪುರುಷರು ಸಾಕ್ಷಿ. ದಾನವನ್ನು ಕದ್ದವನು ಮಹಾಪಾತಕಿ.

ಇಲ್ಲಿ ಗಮನಿಸಬೇಕಾದುದು ಊರುಗಳ ವ್ಯಾಕರಣ ಸ್ಥಾನವನ್ನು. ಅವು ಕ್ರಿಯಾಪದದ ಕರ್ಮವಾಗಿ ಬರುತ್ತವೆಯೇ ಹೊರತು ಕರ್ತೃವಾಗಿ ಅಲ್ಲ. ಕೊಟ್ಟವರಿದ್ದಾರೆ, ಪಡೆದವನಿದ್ದಾನೆ, ನೋಡಿದವರಿದ್ದಾರೆ. ಕೊಡಲ್ಪಟ್ಟ ಊರುಗಳಲ್ಲಿ ಬದುಕಿದ್ದವರು ಮಾತ್ರ ವಾಕ್ಯದೊಳಗೆ ಇಲ್ಲ. ಯುದ್ಧದ ಸಂಕಥನದಲ್ಲಿ ನಾಗರಿಕರ ಸ್ಥಾನವೇನೆಂಬುದಕ್ಕೆ ಇದಕ್ಕಿಂತ ಹಳೆಯ ಸೂಚನೆ ಕನ್ನಡದಲ್ಲಿ ದೊರೆಯುವುದು ಕಷ್ಟ.

೩

ಶತಮಾನಗಳು ಕಳೆದಂತೆ ಊರಿನವರು ಶಾಸನದೊಳಗೆ ಪ್ರವೇಶಿಸುತ್ತಾರೆ; ಆದರೆ ಒಂದೇ ಒಂದು ಬಾಗಿಲಿನಿಂದ. ಅದು ವೀರಗಲ್ಲಿನ ಬಾಗಿಲು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬) ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (೧೯೮೨) ಈ ಲೋಕವನ್ನು ಕನ್ನಡ ಓದುಗರಿಗೆ ಪರಿಚಯಿಸಿದ ಪ್ರಮುಖ ಗ್ರಂಥಗಳು. ತುರುಗೋಳ್, ಊರಳಿವು, ಪೆಣ್ಬುಯ್ಯಲ್, ಪೆಂಡಿರುಡೆಯುರ್ಚು ಎಂಬ ಪಾರಿಭಾಷಿಕ ಪದಗಳು ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತುರುಗಳ ಅಪಹರಣ, ಊರಿನ ನಾಶ, ಹೆಂಗಸರ ಹುಯಿಲು, ಹೆಂಗಸರ ಉಡೆ ಸೆಳೆಯುವ ಅವಮಾನ ಎಂಬ ಈ ನಾಲ್ಕು ಪದಗಳನ್ನು ಒಟ್ಟಾಗಿ ಓದಿದರೆ ನಾಗರಿಕರ ಮೇಲೆ ನಡೆಯುವ ಯುದ್ಧದ ಪೂರ್ಣ ಚಿತ್ರ ಸಿಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. ೭೫೦ರ ಗಂಗ ಶ್ರೀಪುರುಷನ ಕಾಲದ ಕಲ್ಲು ಕೂಡ ರಟ್ಟರ ದಾಳಿಯ ಸಂದರ್ಭದಲ್ಲಿ ಕಾದಿ ಸತ್ತ ಕಿತ್ತಯ ಎಂಬವನ ನೆನಪಿಗೆ ನಿಂತದ್ದು.

ಒಂದು ಪರಂಪರೆಯಲ್ಲಿ ಇಂಥ ಸಂಕಟಗಳಿಗೆ ಸಿದ್ಧ ಪದಗಳೇ ಹುಟ್ಟಿಕೊಂಡಿವೆಯೆಂದರೆ ಅವು ಅಪರೂಪದ ಘಟನೆಗಳಾಗಿರಲಿಲ್ಲ ಎಂದೇ ಅರ್ಥ. ಆದರೂ ವೀರಗಲ್ಲಿನ ರಚನೆಯಲ್ಲಿ ಈ ಸಂಕಟವು ಪೀಠಿಕೆ ಮಾತ್ರ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವಸನ್ನಿಧಿ ಎಂಬುದು ಸಾಮಾನ್ಯ ಕ್ರಮ. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋದಂತೆ ಊರು ಹಿಂದೆ ಉಳಿಯುತ್ತದೆ. ಬಿಡಿಸಿಕೊಂಡು ಬಂದ ತುರುಗಳು ಮತ್ತೆ ಹಟ್ಟಿಗೆ ಸೇರಿದವೇ, ಹುಯಿಲಿಟ್ಟ ಹೆಣ್ಣು ಅನಂತರ ಹೇಗೆ ಬದುಕಿದಳು ಎಂಬುದು ಕಲ್ಲಿನ ಕಾಳಜಿಯಲ್ಲ.

ವೀರಗಲ್ಲುಗಳ ಮೇಲೆ ಪದೇ ಪದೇ ಕಾಣಿಸಿಕೊಳ್ಳುವ ಪ್ರಸಿದ್ಧ ಸಂಸ್ಕೃತ ಶ್ಲೋಕವೊಂದಿದೆ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ, ಹೀಗಿರುವಾಗ ಸಾವಿನ ಚಿಂತೆಯೇಕೆ ಎಂಬುದು ಅದರ ಆಶಯ. ಈ ತರ್ಕದಲ್ಲಿ ದಾರಿಗಳು ಎರಡೇ: ಗೆಲ್ಲುವುದು, ಸಾಯುವುದು. ಗೆಲ್ಲದೆಯೂ ಸಾಯದೆಯೂ ಉಳಿಯುವ ಮೂರನೆಯ ದಾರಿಯೊಂದಿದೆ ಎಂಬುದನ್ನು ಶ್ಲೋಕ ಗುರುತಿಸುವುದಿಲ್ಲ. ಯಾವ ಊರಿನಲ್ಲಾದರೂ ಬಹುಪಾಲು ಜನರು ಹಿಡಿದಿರಬಹುದಾದ ದಾರಿ ಅದೇ. ತುರುಗಳನ್ನು ಕಳೆದುಕೊಂಡವನು, ಬೆಟ್ಟಕ್ಕೆ ಓಡಿದವನು, ಬಂದ ದಂಡಿಗೆ ಹುಲ್ಲು ನೀರು ಒದಗಿಸಿ ಜೀವ ಉಳಿಸಿಕೊಂಡವನು, ಎರಡೂ ಕಡೆಯವರಿಗೆ ತೆರಿಗೆ ತೆತ್ತವನು ಇವರಾರಿಗೂ ಕಲ್ಲಿಲ್ಲ. ಊರು ಉಳಿದದ್ದು ಮಾತ್ರ ಸತ್ತವನೊಬ್ಬನಿಂದಲ್ಲ; ಬದುಕಿ ಉಳಿದು ಮರುವರ್ಷ ಬಿತ್ತಿದ ಈ ಹೆಸರಿಲ್ಲದವರಿಂದಲೂ.

ವೀರನ ಆಯ್ಕೆಯನ್ನು ಕೇವಲ ಆದರ್ಶವೆಂದು ಭಾವಿಸುವುದೂ ಸರಿಯಲ್ಲ. ಸತ್ತವನ ಕುಟುಂಬಕ್ಕೆ ‘ನೆತ್ತರುಗೊಡಗೆ’ಯಾಗಿ ಭೂಮಿ ದೊರೆಯುತ್ತಿತ್ತು. ಒಬ್ಬನ ಸಾವು ಉಳಿದವರ ಅನ್ನವಾಗುವ ಈ ವ್ಯವಸ್ಥೆಯಲ್ಲಿ ಶೌರ್ಯ ಮತ್ತು ಅನಿವಾರ್ಯತೆಗಳ ನಡುವಿನ ಗೆರೆ ತೆಳುವಾದುದು. ಅರಸನಿಗಾದರೋ ಬೇರೆ ಅವಕಾಶಗಳಿದ್ದವು. ಉಚ್ಚಂಗಿಯ ಪಾಂಡ್ಯ ಕಾಮದೇವನು ಶರಣಾದಾಗ ಬಲ್ಲಾಳನು ಅವನ ರಾಜ್ಯವನ್ನು ಹಿಂತಿರುಗಿಸಿದುದನ್ನು ಶಾಸನಗಳು ಕೊಂಡಾಡುತ್ತವೆ. ೧೩೧೧ರಲ್ಲಿ ಮುಮ್ಮಡಿ ಬಲ್ಲಾಳನು ಮಲಿಕ್ ಕಾಫರನಿಗೆ ಆನೆ, ಕುದುರೆ, ಸಂಪತ್ತನ್ನು ಒಪ್ಪಿಸಿ ಸಂಧಿ ಮಾಡಿಕೊಂಡನು. ಅನಂತರವೂ ದಶಕಗಳ ಕಾಲ ಆಳಿದನು. ಅರಸನು ಶರಣಾದರೆ ಅದು ರಾಜನೀತಿ. ಒಕ್ಕಲಿಗನು ಶರಣಾದರೆ ಅದಕ್ಕೆ ಹೆಸರೇ ಇಲ್ಲ.

೪

ನಾಗರಿಕರ ಸಂಕಟವನ್ನು ನೇರವಾಗಿ ಹೇಳುವ ಶಾಸನಗಳು ಇಲ್ಲವೆಂದಲ್ಲ. ಹಾವೇರಿ ಜಿಲ್ಲೆಯ ಹೊಟ್ಟೂರಿನ ಶಾಸನವು (ಕ್ರಿ.ಶ. ೧೦೦೭) ಇದಕ್ಕೆ ಪ್ರಸಿದ್ಧ ನಿದರ್ಶನ. ಚೋಳ ರಾಜಕುಮಾರನು ಒಂಬತ್ತು ಲಕ್ಷದ ಸೈನ್ಯದೊಡನೆ ದೋನೂರಿನಲ್ಲಿ ಬೀಡುಬಿಟ್ಟು ನಾಡನ್ನು ಸೂರೆಗೊಂಡನೆಂದೂ, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದು, ಹೆಣ್ಣುಗಳನ್ನು ಸೆರೆಹಿಡಿದು ಜಾತಿ ಕೆಡಿಸಿದನೆಂದೂ ಅದು ಹೇಳುತ್ತದೆ. ಅಷ್ಟು ಹೇಳಿದ ಮೇಲೆ ಚಾಲುಕ್ಯ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದುದನ್ನು ಸ್ತುತಿಸುತ್ತದೆ.

ಈ ಪಠ್ಯವನ್ನು ಎರಡು ಬಗೆಯಲ್ಲಿ ಓದುವುದು ಅಗತ್ಯ. ಮೊದಲನೆಯದಾಗಿ, ಇಲ್ಲಿ ಹೇಳಿರುವ ಹಿಂಸೆಯನ್ನು ಪ್ರಶಸ್ತಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. ಒಂಬತ್ತು ಲಕ್ಷವೆಂಬ ಸಂಖ್ಯೆ ನಂಬಲರ್ಹವಲ್ಲದಿರಬಹುದು, ಸೂರೆಯಾದ ನಾಡು ಸುಳ್ಳಲ್ಲ. ಎರಡನೆಯದಾಗಿ, ಈ ಸಂಕಟವು ಪಠ್ಯದಲ್ಲಿ ಸ್ಥಾನ ಪಡೆದದ್ದು ಶತ್ರುವಿನ ಮೇಲಿನ ಆಪಾದನೆಯಾಗಿ. ಸತ್ಯಾಶ್ರಯನ ಸೈನ್ಯ ಪರನಾಡಿಗೆ ಹೋದಾಗ ಅಲ್ಲಿಯ ಹೆಂಗಸರು ಮಕ್ಕಳ ಗತಿಯೇನಾಯಿತೆಂಬುದನ್ನು ಅದೇ ಲೇಖಣಿ ಬರೆಯುವುದಿಲ್ಲ. ನಾಗರಿಕರ ನೋವು ಎದುರಾಳಿಯ ಕ್ರೌರ್ಯಕ್ಕೆ ಸಾಕ್ಷಿಯಾಗಿ ಮಾತ್ರ ಬೆಲೆ ಪಡೆಯುವ ಈ ಕ್ರಮ ಹನ್ನೊಂದನೆಯ ಶತಮಾನಕ್ಕೆ ಮುಗಿದುಹೋದುದಲ್ಲ. ಇಂದಿನ ಯುದ್ಧಗಳಲ್ಲಿಯೂ ಎರಡೂ ಪಕ್ಷಗಳು ತಮ್ಮ ಸತ್ತವರನ್ನು ಎಣಿಸುವ ಉತ್ಸಾಹ, ತಾವು ಕೊಂದವರನ್ನು ಎಣಿಸುವಲ್ಲಿ ಕಾಣುವುದಿಲ್ಲ.

೫

ವೀರಗಲ್ಲು ಹೇಳದ ಮೂರನೆಯ ದಾರಿಗೆ ಕನ್ನಡದಲ್ಲಿ ಒಂದು ಪದವಿದೆ. ಅದು ‘ವಲಸೆ’. ಇಂದು ಉದ್ಯೋಗಕ್ಕಾಗಿ ಊರು ಬಿಡುವುದಕ್ಕೂ, ಹಕ್ಕಿಗಳು ಋತುವಿಗೆ ತಕ್ಕಂತೆ ಹಾರುವುದಕ್ಕೂ ಬಳಕೆಯಾಗುವ ಈ ಪದದ ಹಿಂದೆ ಯುದ್ಧದ ನೆನಪಿದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಿಂದ ೧೮೧೭ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮೈಸೂರಿನ ಚರಿತ್ರೆಯಲ್ಲಿ ಈ ಪದವನ್ನು ವಿವರಿಸಿದ್ದಾನೆ. ಶತ್ರುಸೈನ್ಯ ಸಮೀಪಿಸಿತೆಂದರೆ ಊರವರು ಹೊರಲಾರದ ವಸ್ತುಗಳನ್ನು ನೆಲದಲ್ಲಿ ಹೂಳುತ್ತಾರೆ. ಆರು ವರ್ಷ ಮೀರಿದ ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಧಾನ್ಯ ಹೊತ್ತು ಹೊರಡುತ್ತಾರೆ. ಕೆಲವೊಮ್ಮೆ ಕೋಟೆಗೆ, ಬಹುತೇಕ ಬೆಟ್ಟಕಾಡುಗಳಿಗೆ ಹೋಗುತ್ತಾರೆ. ಶತ್ರುವು ಹೊತ್ತ ಧಾನ್ಯ ಮುಗಿಯುವವರೆಗೂ ಹೋಗದಿದ್ದರೆ ಅವರಲ್ಲಿ ಬಹಳ ಮಂದಿ ಹಸಿವಿನಿಂದ ಸಾಯುತ್ತಾರೆ. ಹೀಗೆ ಹೊರಟ ಜನಸಮೂಹಕ್ಕೆ ಒಂದು ಪ್ರತ್ಯೇಕ ಪದವೇ ಇರುವುದು ಈ ನಾಡಿನ ದುರ್ದೈವವೆಂದು ವಿಲ್ಕ್ಸ್ ಭಾವಿಸುತ್ತಾನೆ.

ಆದರೆ ಅವನ ಬರವಣಿಗೆಯೂ ಹೊಟ್ಟೂರಿನ ಲೇಖಕನ ದಾರಿಯನ್ನೇ ಹಿಡಿಯುತ್ತದೆ. ದೇಶೀಯ ಮಿತ್ರರಿಲ್ಲದೆ ಬಂದ ಬ್ರಿಟಿಷ್ ಸೈನ್ಯವನ್ನು ಕಂಡು ಯಾವ ವಲಸೆಯೂ ಹೊರಡಲಿಲ್ಲವೆಂದು ಅವನು ಹೆಮ್ಮೆಪಡುತ್ತಾನೆ. ಜನರ ಸಂಕಟವನ್ನು ಇಷ್ಟು ಹತ್ತಿರದಿಂದ ನೋಡಿದ ಲೇಖಕನೂ ಅದನ್ನು ತನ್ನ ಪಕ್ಷದ ಪ್ರಶಸ್ತಿಗೆ ಬಳಸಿಕೊಂಡದ್ದು ಇಲ್ಲಿ ಮುಖ್ಯ. ೧೭೯೧ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ನಡೆದಾಗ ಶತ್ರುವಿಗೆ ಕಾಳು ಮೇವು ಸಿಗದಂತೆ ಹಾದಿಯ ಪ್ರದೇಶವನ್ನು ಬರಿದುಮಾಡುವಂತೆ ಟಿಪ್ಪು ಆಜ್ಞಾಪಿಸಿದ್ದನು. ಸುಡುವವನು ಸ್ವಂತ ದೊರೆಯೋ ಪರದೊರೆಯೋ ಎಂಬುದರಿಂದ ಸುಟ್ಟ ಹೊಲದ ಒಡೆಯನಿಗೆ ಆಗುವ ವ್ಯತ್ಯಾಸ ಅಲ್ಪ.

ಹಾಸನ ಜಿಲ್ಲೆಯ ಬಾಣಾವರದ ಜನರನ್ನು ಹೈದರನು ತಾನು ಕಟ್ಟಿಸಿದ ನಾಗಪುರಿಗೆ ಸಾಗಿಸಿದನು. ಆ ಸ್ಥಳ ಆರೋಗ್ಯಕ್ಕೆ ಒಗ್ಗದೆ ಹೋದುದರಿಂದ ಅವರಿಗೆ ಹಿಂತಿರುಗಲು ಅವಕಾಶ ದೊರೆಯಿತು. ಚಿತ್ರದುರ್ಗ ೧೭೭೯ರಲ್ಲಿ ಹೈದರನ ವಶವಾದಾಗ ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದು ಚರಿತ್ರಕಾರರು ಬರೆದಿದ್ದಾರೆ. ಅದೇ ದುರ್ಗದ ಮುತ್ತಿಗೆಯ ಪ್ರಸಂಗದಲ್ಲಿ ಒನಕೆ ಹಿಡಿದು ನಿಂತ ಓಬವ್ವನನ್ನು ಕನ್ನಡ ನಾಡು ಕಾದಂಬರಿ, ಚಲನಚಿತ್ರ, ಪ್ರತಿಮೆಗಳಲ್ಲಿ ನೆನೆಯುತ್ತದೆ. ಅದು ಯುಕ್ತವೇ. ಆದರೆ ಒಬ್ಬಳ ಕಥೆ ಮನೆಮಾತಾಗಿ, ಇಪ್ಪತ್ತು ಸಾವಿರ ಜನರ ಕಥೆ ಚರಿತ್ರೆಯ ಪುಟವೊಂದರ ಒಂದು ಸಾಲಾಗಿ ಉಳಿದದ್ದು ಆಕಸ್ಮಿಕವಲ್ಲ. ವೀರಗಲ್ಲಿನ ಸೌಂದರ್ಯಮೀಮಾಂಸೆಯು ಆಧುನಿಕ ಸಾಹಿತ್ಯದಲ್ಲಿಯೂ ಜೀವಂತವಾಗಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ವಲಸೆಯ ಒಂದು ವಿವರವನ್ನು ವಿಶೇಷವಾಗಿ ಗಮನಿಸಬೇಕು. ಹೊರಡುವವರು ಹಗೇವಿನಲ್ಲಿ ಕಾಳನ್ನು ಹೂತು ಹೊರಡುತ್ತಿದ್ದರು. ಹೂಳುವುದು ಮರಳಿ ಬರುವವನ ಕೆಲಸ. ವಲಸೆಯೆಂಬುದು ಸೋಲಿನ ಒಪ್ಪಿಗೆಯಲ್ಲ, ನೆಲದ ಮೇಲಿನ ಹಕ್ಕನ್ನು ಬಿಟ್ಟುಕೊಡುವುದೂ ಅಲ್ಲ. ದಂಡು ಹೋದ ಮೇಲೆ ಹಿಂತಿರುಗುವೆವೆಂಬ ನಂಬಿಕೆಯ ಮೇಲೆ ನಿಂತ ಆಯ್ಕೆ. ಬಾಣಾವರದವರಿಗೆ ಆ ಹಿಂತಿರುಗುವಿಕೆ ಸಾಧ್ಯವಾಯಿತು. ಈ ನಂಬಿಕೆಯೇ ಮುರಿದುಬಿದ್ದರೆ ಆಯ್ಕೆಯ ಸ್ವರೂಪವೇನಾಗುತ್ತದೆ ಎಂಬ ಪ್ರಶ್ನೆಯೇ ಚರ್ಚೆಯನ್ನು ಪ್ಯಾಲೆಸ್ಟೀನಿಗೆ ಒಯ್ಯುತ್ತದೆ.

೬

ಆ ನಾಡು ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ೧೯೧೭ರಲ್ಲಿ ಗಾಜಾದ ಕದನದಲ್ಲಿಯೂ, ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಕಾರ್ಯಾಚರಣೆಯಲ್ಲಿಯೂ ಪಾಲುಗೊಂಡಿತು. ಬೆಂಗಳೂರಿನಲ್ಲಿ ಅದರ ಸ್ಮಾರಕಸ್ತಂಭವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲೊಂದು ಮೈಸೂರಿನದು. ಇವು ಇಪ್ಪತ್ತನೆಯ ಶತಮಾನದ ವೀರಗಲ್ಲುಗಳು. ೧೯೧೭ರಲ್ಲಿ ಕದನಕ್ಕೆ ಮುನ್ನವೇ ತುರ್ಕಿ ಅಧಿಕಾರಿಗಳು ಗಾಜಾದ ನಿವಾಸಿಗಳನ್ನು ಊರು ಬಿಡಿಸಿದ್ದರು. ಯುದ್ಧ ಮುಗಿದಾಗ ನಗರದ ಬಹುಭಾಗ ಹಾಳಾಗಿತ್ತು. ಆ ವಲಸೆಯ ನೆನಪಿಗೆ ಈ ಸ್ಮಾರಕಗಳಲ್ಲಿ ಎಡೆಯಿಲ್ಲ.

ಮೂವತ್ತು ವರ್ಷಗಳ ಅನಂತರ, ೧೯೪೮ರ ಏಪ್ರಿಲ್ ೨೨ರಂದು, ಹೈಫಾದ ಪುರಭವನದಲ್ಲಿ ಅರಬ್ ಮುಖಂಡರ ಮುಂದೆ ಶರಣಾಗತಿಯ ಷರತ್ತುಗಳನ್ನು ಇಡಲಾಯಿತು. ಊರು ಬಿಡಬೇಡಿರೆಂದು ಯೆಹೂದಿ ಮೇಯರ್ ಕೇಳಿಕೊಂಡನು. ಹೊರಗೆ ಗುಂಡಿನ ದಾಳಿಗೆ ಸಿಕ್ಕಿದ ಜನ ಆಗಲೇ ಬಂದರಿನತ್ತ ಓಡುತ್ತಿದ್ದರು. ಎರಡು ವಾರ ಹಿಂದೆ ಡೇರ್ ಯಾಸೀನ್ ಎಂಬ ಹಳ್ಳಿಯಲ್ಲಿ ನಡೆದ ಕಗ್ಗೊಲೆಯ ಸುದ್ದಿ ಎಲ್ಲೆಡೆ ಹರಡಿತ್ತು. ಮುಖಂಡರು ಷರತ್ತಿಗೆ ಒಪ್ಪದೆ ತೆರವಿನ ದಾರಿಯನ್ನು ಆರಿಸಿಕೊಂಡರು. ಅದು ಆಯ್ಕೆಯೋ ಬಲವಂತವೋ ಎಂಬುದನ್ನು ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಆ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯನ್ನರು ಓಡಿಹೋದರು ಅಥವಾ ಓಡಿಸಲ್ಪಟ್ಟರು. ಅನೇಕರು ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಜೊತೆಗೊಯ್ದರು. ಹಗೇವಿನಲ್ಲಿ ಕಾಳು ಹೂತವರ ನಂಬಿಕೆಯೇ ಅವರದೂ ಆಗಿತ್ತು. ಆದರೆ ಇಸ್ರೇಲ್ ೧೯೫೦ರಲ್ಲಿ ತಂದ ಗೈರುಹಾಜರಾದವರ ಆಸ್ತಿ ಕಾನೂನು, ಊರು ಬಿಟ್ಟವರ ಮನೆ ಹೊಲಗಳನ್ನು ಸರ್ಕಾರದ ಪಾಲಕನ ವಶಕ್ಕೆ ಒಪ್ಪಿಸಿತು. ವಲಸೆಯು ಹಕ್ಕುಚ್ಯುತಿಯಾಗಿ ಮಾರ್ಪಟ್ಟಿತು. ಅಂದಿನಿಂದ ಪ್ಯಾಲೆಸ್ಟೀನಿಯನ್ ಕುಟುಂಬವೊಂದಕ್ಕೆ ಹೊರಡುವುದೆಂದರೆ ಜೀವ ಉಳಿಸಿಕೊಳ್ಳುವುದು ಮಾತ್ರವಲ್ಲ, ನೆಲವನ್ನು ಕಳೆದುಕೊಳ್ಳುವುದು ಕೂಡ ಆಗಿದೆ.

ಘಸ್ಸಾನ್ ಕನಫಾನಿಯ ‘ಹೈಫಾಕ್ಕೆ ಮರಳಿ’ (೧೯೬೯) ಎಂಬ ಕಿರುಕಾದಂಬರಿ ಈ ಇಕ್ಕಟ್ಟನ್ನೇ ವಸ್ತುವಾಗಿಸಿಕೊಂಡಿದೆ. ೧೯೪೮ರ ಗದ್ದಲದಲ್ಲಿ ಹಸುಗೂಸನ್ನು ಬಿಟ್ಟು ಹೋಗಬೇಕಾಗಿ ಬಂದ ದಂಪತಿಗಳು ೧೯೬೭ರ ಯುದ್ಧದ ಅನಂತರ ತಮ್ಮ ಮನೆಗೆ ಬಂದಾಗ, ಆ ಮಗ ಯೆಹೂದಿ ತಾಯಿಯೊಬ್ಬಳ ಆರೈಕೆಯಲ್ಲಿ ಬೆಳೆದು ಇಸ್ರೇಲಿ ಸೈನಿಕನಾಗಿದ್ದಾನೆ. ಆ ತಾಯಿಯೂ ಯೂರೋಪಿನ ಹತ್ಯಾಕಾಂಡದಲ್ಲಿ ತನ್ನವರನ್ನು ಕಳೆದುಕೊಂಡವಳು. ಎರಡು ಸಂಕಟಗಳನ್ನು ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸಿದ್ದು ಕೃತಿಯ ನಿಜವಾದ ಸಾಧನೆ. ಆದರೆ ಅದರ ಮುಕ್ತಾಯ ಬೇರೆ ಮಾತು ಹೇಳುತ್ತದೆ. ಇನ್ನೊಬ್ಬ ಮಗನನ್ನು ಹೋರಾಟಗಾರರ ಜೊತೆ ಹೋಗದಂತೆ ತಡೆದಿದ್ದ ತಂದೆ, ಕೊನೆಗೆ ಅವನು ಹೋಗಿದ್ದರೆ ಒಳ್ಳೆಯದೆಂದು ಬಯಸುತ್ತಾನೆ. ಸಶಸ್ತ್ರ ಸಂಘಟನೆಯೊಂದರ ವಕ್ತಾರನೂ ಆಗಿದ್ದ ಕನಫಾನಿ ಇಲ್ಲಿ ಕಾದಂಬರಿಯನ್ನು ವೀರಗಲ್ಲಿನ ಎರಡು ದಾರಿಗಳ ತರ್ಕಕ್ಕೆ ಮರಳಿಸುತ್ತಾನೆ. ಓಡಿದವನ ಪಶ್ಚಾತ್ತಾಪಕ್ಕೆ ಕಾದುವವನೇ ಪರಿಹಾರವಾಗುತ್ತಾನೆ.

ಇದಕ್ಕೆ ಪ್ರತಿಯಾಗಿ ರಾಮಲ್ಲಾದ ವಕೀಲ ರಜಾ ಶಹಾದೆಯ ದಿನಚರಿ ರೂಪದ ಕೃತಿ ‘ಮೂರನೆಯ ದಾರಿ’ (೧೯೮೨) ಎಂಬ ಶೀರ್ಷಿಕೆಯನ್ನೇ ಹೊತ್ತಿದೆ. ಮೂಕ ಶರಣಾಗತಿ ಮತ್ತು ಕುರುಡು ದ್ವೇಷಗಳ ನಡುವೆ ‘ಸುಮೂದ್’, ಅಂದರೆ ನೆಲಕಚ್ಚಿ ಉಳಿಯುವ ತಾಳ್ಮೆ, ಅದರ ಮೌಲ್ಯ. ಕಾದುವುದೂ ಅಲ್ಲ, ಓಡುವುದೂ ಅಲ್ಲ. ಆಲಿವ್ ತೋಪನ್ನು ನೋಡಿಕೊಳ್ಳುವುದು, ಮೊಕದ್ದಮೆ ಹೂಡುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು. ಈ ಆಯ್ಕೆಯಲ್ಲಿ ದಿನದಿನದ ಅವಮಾನವಿದೆಯೆಂಬುದನ್ನೂ ಶಹಾದೆ ಮರೆಮಾಚುವುದಿಲ್ಲ. ಶಾಸನ ಕೆತ್ತದೆ ಬಿಟ್ಟ ಒಕ್ಕಲಿಗನಿಗೆ ಇಲ್ಲಿ ಪಠ್ಯವೊಂದು ದೊರೆತಿದೆ.

ಆದರೆ ಮೂರನೆಯ ದಾರಿಗೂ ಮಿತಿಯಿದೆಯೆಂಬುದನ್ನು ಗಾಜಾ ತೋರಿಸಿತು. ೨೦೨೩ರ ಅಕ್ಟೋಬರ್ ೭ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು ೧,೨೦೦ ಜನ ಸತ್ತರು, ಸುಮಾರು ೨೫೦ ಜನ ಸೆರೆಯಾದರು. ಅಕ್ಟೋಬರ್ ೧೩ರಂದು ಇಸ್ರೇಲಿ ಸೈನ್ಯವು ಉತ್ತರ ಗಾಜಾದ ಹನ್ನೊಂದು ಲಕ್ಷದಷ್ಟು ಜನರಿಗೆ ದಕ್ಷಿಣಕ್ಕೆ ಹೋಗಲು ಆದೇಶಿಸಿತು. ಹೋಗಬೇಡಿರೆಂದು ಹಮಾಸ್ ಹೇಳಿತು. ಹೊರಡಲು ಹೇಳಿದವರಿಗೂ ಉಳಿಯಲು ಹೇಳಿದವರಿಗೂ ತಮ್ಮ ತಮ್ಮ ಲೆಕ್ಕಾಚಾರಗಳಿದ್ದವು. ನಡುವೆ ಸಿಕ್ಕಿದ ಕುಟುಂಬಕ್ಕೆ ಹೋದ ಸ್ಥಳವೂ ಸುರಕ್ಷಿತವಾಗಿರಲಿಲ್ಲ. ಎಲ್ಲರೂ ಒಟ್ಟಿಗೆ ಸಾಯಬಾರದೆಂದು ಬೇರೆ ಬೇರೆ ಮನೆಗಳಿಗೆ ಹಂಚಿಹೋದ ಕುಟುಂಬಗಳೂ, ಸತ್ತರೆ ಒಟ್ಟಿಗೇ ಸಾಯೋಣವೆಂದು ಒಂದೇ ಕೋಣೆಯಲ್ಲಿ ಮಲಗಿದ ಕುಟುಂಬಗಳೂ ಇದ್ದವೆಂದು ವರದಿಗಳು ಹೇಳಿದವು. ಜನಸಂಖ್ಯೆಯ ಹತ್ತರಲ್ಲಿ ಒಂಬತ್ತು ಪಾಲು ಸ್ಥಳಾಂತರಗೊಂಡಿತೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ೨೦೨೫ರ ಅಕ್ಟೋಬರಿನಲ್ಲಿ ಕದನವಿರಾಮ ಜಾರಿಗೆ ಬರುವ ಹೊತ್ತಿಗೆ ಅಲ್ಲಿಯ ಆರೋಗ್ಯ ಸಚಿವಾಲಯದ ಲೆಕ್ಕದಂತೆ ಸತ್ತವರ ಸಂಖ್ಯೆ ೬೭ ಸಾವಿರ ಮೀರಿತ್ತು. ಹೋಗಲು ಬೆಟ್ಟವಿಲ್ಲದ, ದಾಟಲು ಗಡಿಯಿಲ್ಲದ ಕಡೆ ವಲಸೆಯೆಂಬ ಪದವೂ ಸೋಲುತ್ತದೆ.

೭

ಈ ಹೋಲಿಕೆಯಿಂದ ಹೊಯ್ಸಳ ಕಾಲದ ಊರೂ ಇಂದಿನ ಗಾಜಾವೂ ಒಂದೇ ಎಂದು ಸಾಧಿಸಿದಂತಾಗುವುದಿಲ್ಲ. ಅಧಿಕಾರದ ಸ್ವರೂಪ, ಆಯುಧಗಳ ಪ್ರಮಾಣ, ರಾಷ್ಟ್ರದ ಕಲ್ಪನೆ ಎಲ್ಲವೂ ಭಿನ್ನ. ಸಾಮ್ಯವಿರುವುದು ಸಂಕಥನದಲ್ಲಿ. ನಾಗರಿಕನು ಸತ್ತರೆ ಹುತಾತ್ಮ, ಓಡಿದರೆ ಹೇಡಿ ಅಥವಾ ಗೈರುಹಾಜರಿ, ಉಳಿದರೆ ಶತ್ರುವಿಗೆ ಅಡಗುತಾಣ ಒದಗಿಸಿದವನು ಎಂಬ ವರ್ಗೀಕರಣವನ್ನು ಆಯುಧ ಹಿಡಿದವರು ಮಾಡುತ್ತಾರೆ. ಸಾಹಿತ್ಯವು ಎಚ್ಚರ ತಪ್ಪಿದಾಗ ಅದನ್ನೇ ಅನುಮೋದಿಸುತ್ತದೆ.

ಕನ್ನಡ ವಿಮರ್ಶೆಯು ವೀರಗಲ್ಲುಗಳನ್ನು ವೀರಯುಗದ ವೈಭವದ ದಾಖಲೆಗಳಾಗಿ ಬಹುಕಾಲ ಓದಿದೆ. ಆ ಓದಿನಿಂದ ದೊರೆತ ಲಾಭ ದೊಡ್ಡದು. ಅದರ ಜೊತೆಗೆ ಇನ್ನೊಂದು ಓದು ಈಗ ಅಗತ್ಯವಾಗಿದೆ. ಊರಳಿವು ಎಂಬ ಪದವನ್ನು ವೀರನ ಪ್ರವೇಶಕ್ಕೆ ಪೀಠಿಕೆಯೆಂದು ದಾಟಿಹೋಗದೆ ಅಲ್ಲಿಯೇ ನಿಂತು, ಅಳಿದ ಊರಿನವರು ಎಲ್ಲಿ ಹೋದರೆಂದು ಕೇಳುವ ಓದು ಅದು. ಬೆಂಜಮಿನ್ ಲೂಯಿ ರೈಸ್ ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದಂದಿನಿಂದ ಪಠ್ಯಗಳು ಕೈಗೆಟಕುವಂತಿವೆ. ವಲಸೆ, ಗುಳೆ, ಸೆರೆ, ಹಗೇವು, ಹುಯಿಲು ಮೊದಲಾದ ಪದಗಳು ನಿಘಂಟುಗಳಲ್ಲಿಯೂ ಜನರ ಬಾಯಲ್ಲಿಯೂ ಉಳಿದಿವೆ. ಕಾದಿ ಸತ್ತವನಿಗೆ ಸಲ್ಲಬೇಕಾದ ಗೌರವವನ್ನು ಕಡಿಮೆ ಮಾಡದೆ, ಆರು ವರ್ಷದ ಮಗುವಿನ ತಲೆಯ ಮೇಲೆ ಅದು ಹೊರಬಲ್ಲಷ್ಟು ರಾಗಿಯ ಗಂಟನ್ನಿಟ್ಟು ಕಾಡಿನತ್ತ ನಡೆದ ತಾಯಿಯ ನಿರ್ಧಾರವೂ ಒಂದು ನೈತಿಕ ನಿರ್ಧಾರವೇ ಎಂದು ಒಪ್ಪಿಕೊಳ್ಳುವುದು ಇಂಥ ಓದಿನ ಮೊದಲ ಹೆಜ್ಜೆ. ಆ ತಾಯಿಗೆ ಕನ್ನಡದಲ್ಲಿ ಕಲ್ಲು ನಿಲ್ಲಿಸಿದವರಿಲ್ಲ. ಅವಳು ನಡೆದ ದಾರಿಯ ಹೆಸರನ್ನಾದರೂ ಭಾಷೆ ಕಾಪಾಡಿಕೊಂಡಿದೆ.